ರಿಜಿಸ್ಟರ್ ತಪ್ಪಿದ ಹಾಳಿ

ಗಂಗಾಪುರ ಪ್ಯಾಟಿ ಹಿಂದಿನ ಪ್ರೆಸ್ಸಿನಾಗ
ಹದಿನೇಳು ವರ್ಷದಿಂದ ಬಣ್ಣ ನೋಡಿಕೊಳ್ಳಾಕಿ ನಾನ.
ಲಗ್ನಪತ್ರಕ್ಕ ಅರಿಷಿಣ, ಪಂಚಾಂಗಕ್ಕ ಕೆಂಪು.
ಈ ಸಲ ಸಾಲಿ ಹುಡುಗರ ನಕಾಶಿ ಪುಸ್ತಕ:
ಯುರೋಪಕ್ಕ ನೀಲಿ, ಏಷ್ಯಾಕ್ಕ ಹಳದಿ.
ನೀಲಿ ಎಲ್ಲಿಗೆ ನಿಲ್ಲಸಲಿ?
ನಾ ಕೇಳಿದ್ದು ಇಷ್ಟ.

ಮಾಲಕರು ಗುರುಶಾಂತಪ್ಪ ಹೊಂಬಳ ಚಷ್ಮಾ ತಗದು
"ಉರಲ್ ಗುಡ್ಡಕ್ಕ" ಅಂದ್ರು,
ಕಪ್ಪತಗುಡ್ಡ ಅಂದಂಗ,
ದಿನಾ ಬಸ್ಸಿನಾಗ ನೋಡಿದಂಗ.

ಹಲ್ಲಿನ ಬಿಲ್ ಪುಸ್ತಕ ಒಯ್ಯಾಕ ಬಂದಿದ್ರು
ಡಾಕ್ಟರ್ ಅಂದಾನೆಪ್ಪ ಯಲಬುರ್ಗಿ.
ಆರು ವರ್ಷ ಆ ಗುಡ್ಡದ ಬುಡದಾಗ ಓದಿದವರು.
"ಅಲ್ಲೊಂದು ಕಂಬ ನಿಲ್ಲಸ್ಯಾರ.
ಅತ್ತ ಒಂದು ಕಾಲು ಇತ್ತ ಒಂದು ಕಾಲು ಇಟ್ಟು
ಫೋಟೋ ತಗಿಸಿಕೊಂಡೇನಿ.
ಎರಡೂ ಬೂಟಿಗೆ ಹತ್ತಿದ್ದು ಒಂದ ಬರ್ಫ.
ನಾ ಇದ್ದ ಮನಿ ಮುದುಕಿ ಗಂಜಿ ತಿರುವುತ್ತ ಹೇಳಾಕಿ:
ನಾವಿಲ್ಲದ ಯುರೋಪದಾಗ ಏನು ಉಳೀತದ?
ಪಡಸಾಲಿ ಅವರದಾದ್ರ ಹಿತ್ತಲಾ ನಮ್ಮದು.
ಹಿತ್ತಲಾ ದೊಡ್ಡದಾತು ಅಂತ
ಮನಿಯವರಲ್ಲ ಅಂತಾರೇನು?"

ಕರಡು ತಿದ್ದಾಕ ಧಾರವಾಡದಿಂದ ಬಂದ
ಪ್ರೊಫೆಸರ್ ಸುಲೋಚನಾ ಗಲಗಲಿ ಪೆನ್ನಿನ ಟೊಪಗಿ ಮುಚ್ಚಿದ್ರು.
ಬೆಲ್ಜಿಯಮ್ಮಿನಾಗ ಮೂರು ವರ್ಷ ಕಲಿಸಿ ಬಂದವರು.
"ಮನಿ ಅಂದ್ರ ಗ್ವಾಡಿ ಅಲ್ಲ ಡಾಕ್ಟರ, ಕಟ್ಟಳಿ ಅದ.
ಒಂದು ಪಂಕ್ತಿಗೆ ಕೂತಮ್ಯಾಲೆ
ಬಾಜೂದವರ ಎಲಿಗೆ ಕೈ ಹಾಕಬಾರದು.
ನಾವು ಸುಟ್ಟ ಊರಿನ ಬೂದಿ ಬಳದು
ಆ ಕಟ್ಟಳಿ ಬರದೇವಿ."

"ಪಂಕ್ತಿ ಹಾಕಿದವರು ಯಾರ್ರೀ?
ನಮ್ಮನ್ನ ಯಾವಾಗ ಕೇಳಿದ್ರಿ?"

ನಾವು ಅಂದ್ರು ಆಕಿ. ನಮ್ಮನ್ನ ಅಂದ್ರು ಇವರು.
ಹಣಿ ಮ್ಯಾಲಿನ ವಿಭೂತಿ ಇನ್ನೂ ಹಸೀ ಇತ್ತು.
ಮ್ಯಾಜಿನ ಮ್ಯಾಲೆ ಗಿರ್ಮಿಟ್ ಮೆತ್ತಗಾತು.
ಇಬ್ಬರ ನಡುವಿನ ಹಾಳ್ಯಾಗ
ನೀಲೀನೂ ಹಳದೀನೂ ತುಂಬದ ದೇಶೊಂದು ಬಿಳೇದಾಗಿ ಉಳದಿತ್ತು.
ಅದು ಯಾರ ಬಾಯಾಗೂ ಬರಲಿಲ್ಲ.
ಅದರ ಮ್ಯಾಲೆ ನನ್ನ ಹೆಬ್ಬಟ್ಟಿನ ಮಸಿ ಬಿದ್ದಿತ್ತು,
ಒರಸಾಕ ಹೋದ್ರ ಇನ್ನೂ ಹರವಿತು.

ನಾ ಬೆಟಗೇರಿಯಾಕಿ.
ಹುಬ್ಬಳ್ಯಾಗ ಕೇಳಿದ್ರ ಗದಗ ಅಂತೀನಿ,
ಗದಗಿನಾಗ ಕೇಳಿದ್ರ ಬೆಟಗೇರಿ,
ಬೆಟಗೇರ್ಯಾಗ ಕೇಳಿದ್ರ ಮಗ್ಗದ ಓಣಿ.
ಯಾರೂ ಕೇಳದಿದ್ರ ಏನೂ ಅಲ್ಲ, ಸೈಕಲ್ ತುಳೀತೀನಿ.
ನಗರಸಭಾ ಬೋರ್ಡಿನ್ಯಾಗ ಎರಡೂ ಊರಿನ ನಡುವ
ಒಂದು ಸಣ್ಣ ಗೀಟು ಐತಿ.
ಕೂಡಸೋ ಗೀಟು ಅಂತಾರ ಗದಗಿನವರು.
ನಮ್ಮ ಓಣಿಗೆ ನೀರು ಹನ್ನೊಂದು ದಿನಕ್ಕೊಮ್ಮೆ.
ಕೊಡ ಪಾಳಿಗಿಟ್ಟು ನಿಂತಾಗ
ನಾವು ಅದಕ್ಕ ಏನಂತೀವಿ, ಬಿಡ್ರಿ, ಬರ್ಯಾಕ ಬರೂದಿಲ್ಲ.

ಕಡೀಕ ಹೊಂಬಳ ಮಾಲಕರು
ಹೊಸಾ ಪ್ಲೇಟಿಗೆ ರೊಕ್ಕ ಇಲ್ಲ ಅಂದ್ರು.
ಹಳೇ ಗೀಟ ಉಳೀತು.
ಇಬ್ಬರೂ ಸಹಿ ಮಾಡಲಾರದ ಹೋದ್ರು,
ಒಂದ ಆಟೋದಾಗ, ಸ್ಟೇಶನ್ನಿಗೆ.

ರಾತ್ರಿ ಪಾಳ್ಯಾಗ ಕರೆಂಟು ಒಮ್ಮೆ ಮಿಣಿಕ್ ಅಂತು.
ಹಳದಿ ಒಣಗಿದ ಹಾಳಿ ಮ್ಯಾಲೆ ನೀಲಿ ಇಳದಾಗ
ಒಂದು ಕೂದಲೆಳಿ ಸರದಿತ್ತು.
ಉರಲ್ ಉದ್ದಕ್ಕೂ
ಯಾರೂ ಕಲಸದ ಹಸರು,
ಶೇಂಗಾ ಹೊಲದ ಬದುವಿನಷ್ಟ ಸಣ್ಣದು.
ಇತ್ತ ಕಡಲ ದಂಡಿಗುಂಟ ಅಷ್ಟ ಅಗಲದ ಬಿಳಿ ಸೀಳು.
ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಹರದಿತ್ತು.

ಮಷಿನ್ ನಿಲ್ಲಸೂದ್ರಾಗ ಇನ್ನೂರಾ ನಲವತ್ತು ಹಾಳಿ.
ನಿಲ್ಲಸಬೇಕಾಗಿತ್ತು ಲಗೂನ.
ನೋಡಕೋತ ನಿಂತೆ ಅಂತ ಮಾಲಕರಿಗೆ ಹೇಳಿಲ್ಲ.

"ರದ್ದಿ" ಅಂದ್ರು ಮುಂಜಾನೆ, ತೂಕಕ್ಕ ಹಾಕಿದ್ರು.
ಈಗ ರೈಲ್ವೆ ಗೇಟಿನ ಕಡೆ ದಾವಲಬಿ
ಅದರಾಗ ಮಿರ್ಚಿ ಕಟ್ಟಿ ಕೊಡ್ತಾಳ.
ನಿನ್ನೆ ನನ್ನ ಪಾಲಿಗೆ ಮಾಸ್ಕೋ ಬಂತು.
ತಿಂದು, ಎಣ್ಣಿ ಕುಡದ ಹಾಳಿ
ಬೀದಿದೀಪಕ್ಕ ಹಿಡದೆ.
ನೀಲಿ ಹಳದಿ ಎರಡೂ ತೆಳ್ಳಗಾಗಿ
ಹಿಂದಿನ ಪುಟದ ಆಫ್ರಿಕಾ ಕಾಣಾಕ ಹತ್ತಿತ್ತು.